ಪೆಲೆನಾಟೊ ಗಾಡಿ ಬಿಟ್ಟ ಮೇಲೆ

ನನ್ನ ಭಾವ ಪೆಲೆನಾಟೊ ಮದುವೆಯಾಗಲಿಲ್ಲ. ಯಾಕೆ ಎಂದು ಕೇಳಿದವರಿಗೆ, "ಗಾಡೀಲಿ ನನ್ನ ಪಕ್ಕ ಇರೋದು ಒಂದೇ ಸೀಟು. ಅಲ್ಲಿ ಆಗ್ಲೇ ಕೆಸುವಿನ ಗೆಡ್ಡೆ ಕೂತ್ಕೊಂಡಿದೆ" ಎನ್ನುತ್ತಿದ್ದರು. ನನ್ನ ಗಂಡ ಯಾಕೊಪೊಗೆ ಅವರು ಒಬ್ಬರೇ ಅಣ್ಣ. ನಾನು ಮದುವೆಯಾಗಿ ಈ ಊರಿಗೆ ಬಂದದ್ದೂ ಅವರ ಪಿಕಪ್ಪಿನ ಹಿಂದೆಯೇ, ನನ್ನ ತಾಯಿ ಕೊಟ್ಟ ಚಾಪೆಗಳ ಮೇಲೆ ಕೂತು. ದಾರಿಯುದ್ದಕ್ಕೂ ಅವರು ಕಿಟಕಿಯಿಂದ ತಲೆ ಹೊರಗೆ ಹಾಕಿ ಎದುರು ಸಿಕ್ಕವರಿಗೆಲ್ಲ, "ನೋಡ್ರೋ, ಯಾಕೊಪೊನಂಥವನಿಗೂ ಹೆಣ್ಣು ಸಿಕ್ತು!" ಎಂದು ಕೂಗಿ ಹೇಳುತ್ತ ಬಂದಿದ್ದರು. ಊರಿನ ಗೆಡ್ಡೆ, ತೆಂಗಿನಕಾಯಿ, ಹೆರಿಗೆ ನೋವಿನ ಹೆಂಗಸರು, ಶವಪೆಟ್ಟಿಗೆ, ಪಾದ್ರಿಗಳ ಸಾಮಾನು, ಎಲ್ಲವೂ ಆ ಗಾಡಿಯಲ್ಲೇ ನಮ್ಮ ದ್ವೀಪದ ದೊಡ್ಡ ಪೇಟೆ ಆಪಿಯಾಕ್ಕೆ ಹೋಗಿ ಬರುತ್ತಿದ್ದವು. ಮಾತಿಗೆ ಅವರಿಗೆ ಯಾವತ್ತೂ ಬರವಿರಲಿಲ್ಲ.

ಒಂದು ಶನಿವಾರ ಮಧ್ಯಾಹ್ನ ಅವರು ಸಂತೆ ಮುಗಿಸಿ ಒಬ್ಬರೇ ಮರಳುತ್ತಿದ್ದರು. ಮಳೆ ಬಂದು ನಿಂತಿತ್ತು. ಪಕ್ಕದೂರಿನ ಇಗರ್ಜಿಯ ತಿರುವಿನಲ್ಲಿ ಒಂದು ಹಂದಿ ರಸ್ತೆಗೆ ನುಗ್ಗಿತು. ನಮ್ಮಲ್ಲಿ ಇನ್ನೊಬ್ಬರ ಹಂದಿ ಕೊಂದರೆ ಆಗುವ ರಂಪ ಎಲ್ಲ ಚಾಲಕರಿಗೂ ಗೊತ್ತು. ಅವರ ಕೈ ತಾನಾಗಿಯೇ ಸ್ಟಿಯರಿಂಗ್ ತಿರುಗಿಸಿತು. ಹಂದಿ ಉಳಿಯಿತು. ರಸ್ತೆಯಂಚಿನಲ್ಲಿ ನಿಂತಿದ್ದ ಒಬ್ಬ ಹೆಂಗಸಿಗೆ ಗಾಡಿ ಬಡಿಯಿತು. ಅವಳ ಹೆಸರು ಲೆಯಿತು.

ಅಂಥ ಹೊತ್ತಿನಲ್ಲಿ ಓಡಿಹೋದವರನ್ನು ನಾನು ಬಲ್ಲೆ. ಊರವರು ಸೇರುವ ಮೊದಲು ಗಾಡಿ ಹೊಡೆದುಕೊಂಡು ನೇರ ಠಾಣೆಗೆ ಹೋಗಿಬಿಡು ಎಂದು ಬುದ್ಧಿ ಹೇಳುವವರೂ ಇದ್ದಾರೆ. ಅಂದೂ ಹಿಂದಿನಿಂದ ಬಂದ ಟ್ಯಾಕ್ಸಿಯವನು, "ಹೊರಡೋ ಪೆಲೆನಾಟೊ, ನಿನ್ನ ತಲೆ ಉಳಿಸ್ಕೊ!" ಎಂದನಂತೆ. ಭಾವ ಹೊರಡಲಿಲ್ಲ. ಎಂಜಿನ್ ಆರಿಸಿ, ಹಿಂದಿನ ದೀಪ ಮಿನುಗುವ ಹಾಗೆ ಮಾಡಿ, ಅದೇ ಟ್ಯಾಕ್ಸಿಯವನಿಗೆ ಆಂಬುಲೆನ್ಸ್‌ಗೂ ಪೊಲೀಸರಿಗೂ ಫೋನ್ ಮಾಡಲು ಹೇಳಿದರು. ಲೆಯಿತುವನ್ನು ಎತ್ತಿ ಗಾಡಿಗೆ ಹಾಕೋಣ ಎಂದು ಯಾರೋ ಬಂದರು. "ಮುಟ್ಟಬೇಡಿ, ಕುತ್ತಿಗೆ ಅಲುಗಿದ್ರೆ ಕಷ್ಟ" ಎಂದು ತಡೆದರು. ತಮ್ಮ ಅಂಗಿ ಬಿಚ್ಚಿ ಅವಳಿಗೆ ಹೊದಿಸಿ, ಒದ್ದೆ ನೆಲದ ಮೇಲೆ ಕೂತು ಎರಡೂ ಕೈಯಿಂದ ಅವಳ ತಲೆ ಅಲುಗದಂತೆ ಹಿಡಿದುಕೊಂಡರು. ಅವಳ ಮೈದುನರು ಓಡಿ ಬಂದರು. ಒಂದು ಕಲ್ಲು ಗಾಡಿಯ ದೀಪ ಒಡೆಯಿತು, ಇನ್ನೊಂದು ಭಾವನ ಕಿವಿ ಹರಿಯಿತು. ಅವರು ಕೈ ತೆಗೆಯಲಿಲ್ಲ. ಕೈ ತೆಗೆದರೆ ತಲೆ ವಾಲುತ್ತದಲ್ಲ.

ಆಂಬುಲೆನ್ಸ್ ಬರುವ ಮೊದಲೇ ಅವಳು ಹೋಗಿಬಿಟ್ಟಳು. ಪೊಲೀಸರು ಬಂದಾಗ ಗಾಡಿಯ ಕೀಲಿಯನ್ನು ಕೊಟ್ಟು, "ಓಡಿಸ್ತಾ ಇದ್ದೋನು ನಾನೇ" ಎಂದರು. ಹೇಳಿಕೆ ಬರೆದುಕೊಂಡು, ಕರೆದಾಗ ನ್ಯಾಯಾಲಯಕ್ಕೆ ಬರಬೇಕೆಂದು ಹೇಳಿ ಪೊಲೀಸರು ಅವರನ್ನು ಮನೆಗೆ ಬಿಟ್ಟರು.

ಮರುದಿನವೇ ಸಂಜೆಯ ಪ್ರಾರ್ಥನೆ ಆದ ಮೇಲೆ ನಮ್ಮ ಮನೆತನದ ಹಿರಿಯರಾದ ದೊಡ್ಡಪ್ಪ ಎಲ್ಲರನ್ನೂ ಕೂರಿಸಿಕೊಂಡರು. ಚರ್ಚೆ ಏನೂ ಇರಲಿಲ್ಲ. "ಬೆಳಗಾಗೋಕೆ ಮುಂಚೆ ಆ ಹೆಂಗಸಿನ ಮನೆಗೆ ಹೊರಡೋಣ. ಮನೇಲಿರೋ ಒಳ್ಳೇ ಚಾಪೆ ತೆಗೀರಿ. ಅಲ್ಲಿ ಯಾರೂ ತಲೆ ಎತ್ತಬಾರದು. ಕಲ್ಲು ಬಿದ್ರೂ ಎತ್ತಬಾರದು, ಕತ್ತಿ ಬಂದ್ರೂ ಎತ್ತಬಾರದು."

ತೆಗೆದದ್ದು ನನ್ನ ತಾಯಿಯ ಚಾಪೆ. ಕೇದಗೆ ಎಲೆಯನ್ನು ನೂಲಿನಷ್ಟು ಸಣ್ಣಗೆ ಸೀಳಿ ಅವಳು ನೇಯ್ದದ್ದು; ಬಟ್ಟೆಯ ಹಾಗೆ ಮಡಚಬಹುದಿತ್ತು. ಬೆಳಕು ಹರಿಯುವಾಗ ನಾವು ಲೆಯಿತುವಿನ ಮನೆಯ ಮುಂದಿನ ಹುಲ್ಲಿನ ಮೇಲೆ ಮಂಡಿಯೂರಿ ಕೂತಿದ್ದೆವು. ಮುಂದೆ ಸೌದೆಯ ಹೊರೆ ಮತ್ತು ಒಲೆಯ ಕಲ್ಲುಗಳು: ಬೇಕಾದರೆ ನಮ್ಮನ್ನೇ ಬೇಯಿಸಿ ತಿನ್ನಿ ಎಂದರ್ಥ. ದೊಡ್ಡಪ್ಪ ಎಲ್ಲರಿಗಿಂತ ಮುಂದೆ, ಅವರ ಪಕ್ಕ ಭಾವ, ಹಿಂದೆ ನಾನೂ ಯಾಕೊಪೊನೂ. ಎಲ್ಲರ ತಲೆಯ ಮೇಲೂ ಆ ಚಾಪೆ ಹೊದ್ದಿದ್ದೆವು; ಸತ್ತವರ ಮನೆಯವರು ಬಂದು ಅದನ್ನು ಎತ್ತಿದರೆ ಕ್ಷಮಿಸಿದಂತೆ.  ನಮ್ಮ ಕಡೆಯ ಮನೆಗಳಿಗೆ ಕಂಬಗಳಷ್ಟೇ, ಗೋಡೆಗಳಿಲ್ಲ; ಅವರು ಏಳುವುದು, ನಮ್ಮನ್ನು ನೋಡುವುದು, ನೋಡಿಯೂ ಬಾರದಿರುವುದು ಎಲ್ಲ ಚಾಪೆಯಡಿಯಿಂದಲೇ ತಿಳಿಯುತ್ತಿತ್ತು. ಬಿಸಿಲು ಏರಿತು. ಬೆವರು ಕಣ್ಣಿಗೆ ಇಳಿಯಿತು. ಇಷ್ಟು ಜನ ಒಂದೇ ಚಾಪೆಯಡಿ ಉಸಿರಾಡುತ್ತಿದ್ದರೂ ಭಾವನ ಬೆನ್ನು ನೋಡಿದರೆ ಅವರು ಅಲ್ಲಿ ಒಬ್ಬರೇ ಇದ್ದಂತೆ ಕಾಣುತ್ತಿತ್ತು.

ಕೊನೆಗೆ ಹುಲ್ಲಿನ ಮೇಲೆ ಬರಿಗಾಲಿನ ಸದ್ದಾಯಿತು. ಚಾಪೆಯ ಅಂಚಿನಲ್ಲಿ ಎರಡು ಪಾದ ಬಂದು ನಿಂತವು. ನಾನು ಯಾಕೊಪೊನ ಕೈ ಹಿಡಿದುಕೊಂಡೆ. ಚಾಪೆ ಮೇಲೆದ್ದಿತು. ಲೆಯಿತುವಿನ ಗಂಡ ತುವಾಲೆ. ಅವನ ಕೈಯಲ್ಲಿ ಏನೂ ಇರಲಿಲ್ಲ.

"ಏಳಿ," ಎಂದ. "ಮಾತಾಡೋಕೆ ಆಗ್ತಿಲ್ಲ ನನಗೆ. ಒಳಗೆ ಬನ್ನಿ."

ಒಳಗೆ ಹೋದೆವು. ಎರಡೂ ಕಡೆಯವರು ಅತ್ತರು, ಹಿರಿಯರು ದೊಡ್ಡ ದೊಡ್ಡ ಮಾತಾಡಿದರು. ಭಾವ ಒಮ್ಮೆ ಬಾಯಿ ತೆರೆದು, "ಆಯಮ್ಮ ಕೊನೇಲಿ..." ಎಂದರು. ದೊಡ್ಡಪ್ಪ ಅವರ ತೊಡೆ ಒತ್ತಿ, "ಸಾಕು. ಕ್ಷಮಿಸಿಯಾಯ್ತು. ಇನ್ನು ಆ ಮಾತು ಎತ್ತಬಾರದು" ಎಂದರು. ಅಲ್ಲಿಗೆ ಮುಗಿಯಿತು. ಅಂದರೆ ನಮಗೆ.

ನ್ಯಾಯಾಲಯದಲ್ಲಿ ಭಾವ ತಪ್ಪೊಪ್ಪಿಕೊಂಡರು. ತುವಾಲೆಯ ಕಡೆಯವರು ಕ್ಷಮಿಸಿದ್ದಾರೆಂದು ತಿಳಿದು ನ್ಯಾಯಾಧೀಶರು ಶಿಕ್ಷೆ ಇಳಿಸಿದರು. ಕೆಲವು ತಿಂಗಳು ಜೈಲಿನಲ್ಲಿದ್ದು ಬಂದ ಭಾವ ಗಾಡಿ ಮುಟ್ಟಲಿಲ್ಲ. ಅದು ಜೀಗುಜ್ಜೆ ಮರದಡಿ ತುಕ್ಕು ಹಿಡಿಯಿತು, ಕೋಳಿಗಳು ಸೀಟಿನ ಮೇಲೆ ಮೊಟ್ಟೆಯಿಟ್ಟವು. ಅವರು ಗುಡ್ಡದ ಮೇಲಿನ ಕೆಸುವಿನ ತೋಟದಲ್ಲಿ ಒಂದು ತಗಡಿನ ಚಪ್ಪರ ಕಟ್ಟಿಕೊಂಡು ಅಲ್ಲೇ ಇರತೊಡಗಿದರು. ಭಾನುವಾರದ ಊಟಕ್ಕೆ ಮಾತ್ರ ಕೆಳಗೆ ಬರುತ್ತಿದ್ದರು. ಮೈದಾನದ ಬಳಿ ಕೂತ ಗಂಡಸರು ಒಮ್ಮೊಮ್ಮೆ, "ದಾರಿ ಬಿಡ್ರಪ್ಪ, ಹಂದಿ ಕಂಡ್ರೆ ದಾರಿ ಬಿಡೋನು ಬಂದ" ಎಂದು ನಗುತ್ತಿದ್ದರು. ಮೊದಲಾದರೆ ಅದಕ್ಕೆ ಎರಡರಷ್ಟು ತಿರುಗಿ ಕೊಡುತ್ತಿದ್ದವರು ಈಗ ತಲೆ ತಗ್ಗಿಸಿ ದಾಟುತ್ತಿದ್ದರು.

"ಇಲ್ಲೇ ಇರಿ ಭಾವ," ಎಂದೆ ಒಂದು ಭಾನುವಾರ. "ಮೇಲೆ ನಿಮ್ಮ ಜೊತೆ ಮಾತಾಡೋರು ಯಾರಿದ್ದಾರೆ?"

"ಇಲ್ಲಿ ಯಾರಿದ್ದೀರಮ್ಮ?" ಎಂದರು. "ನಾನು ಬಂದು ಕೂತ್ರೆ ಎಲ್ರೂ ಮಳೆ ವಿಷಯ ತೆಗೀತೀರಿ."

ನಿಜವೇ. ಯಾಕೊಪೊ ಆಗ ತಾನೇ ಮಳೆಯ ಮಾತು ಶುರುಮಾಡಿದ್ದ.

ಹೀಗೆ ಎರಡು ಮೂರು ವರ್ಷ ಕಳೆಯಿತು. ಒಂದು ಬೆಳಿಗ್ಗೆ ಲೆಯಿತುವಿನ ತಾಯಿ ಸಿನಾಪಾಟಿ ಕೋಲೂರಿಕೊಂಡು ನಮ್ಮ ಅಂಗಳಕ್ಕೆ ಬಂದಳು. ಪಕ್ಕದೂರಿನಿಂದ ನಡೆದೇ ಬಂದಿದ್ದಳು. ಕಣ್ಣಲ್ಲಿ ಪೊರೆ. ತುವಾಲೆ ಹಣ್ಣು ಕೀಳುವ ಕೆಲಸಕ್ಕೆ ನ್ಯೂಜಿಲೆಂಡಿಗೆ ಹೋಗಿದ್ದ. ನಾನು ಗಾಬರಿಯಿಂದ ಚಾಪೆ ಹಾಸಿದೆ. ಅವಳು ಕೂರಲಿಲ್ಲ.

"ಎಲ್ಲಿ ಅವನು? ಕರೆಸು."

ಭಾವ ಮಣ್ಣುಗೈಯಲ್ಲೇ ಇಳಿದು ಬಂದು ದೂರದಲ್ಲಿ ನೆಲಕ್ಕೆ ಕೂತರು.

"ನಾನು ಕಣ್ಣಿನ ಡಾಕ್ಟರ ಹತ್ರ ಹೋಗ್ಬೇಕು. ನೀನು ಕರ್ಕೊಂಡು ಹೋಗು."

"ಅಮ್ಮಾ, ನಾನು ಗಾಡಿ ಓಡಿಸೋದು ಬಿಟ್ಟಿದ್ದೀನಿ."

"ಗಾಡಿ ಯಾರು ಕೇಳಿದ್ರೋ? ಬಸ್ಸಿಗೆ ಹತ್ತಿಸು, ಇಳಿಸು. ಕೈ ಇದೆ ತಾನೆ ನಿನಗೆ?"

ಆ ಗುರುವಾರ ಪೊರಕೆ ಮಾರಲು ನಾನೂ ಅದೇ ಬಸ್ಸಿನಲ್ಲಿದ್ದೆ. ಬಸ್ಸು ತುಂಬಿ, ಎಂದಿನಂತೆ ಒಬ್ಬರ ತೊಡೆಯ ಮೇಲೊಬ್ಬರು ಕೂತಿದ್ದರು. ಪಕ್ಕದೂರಿನಲ್ಲಿ ಹತ್ತಿದ ಮುದುಕಿ ಸೀದಾ ಭಾವನ ತೊಡೆಯೇರಿದಳು. "ಎಲುಬು ಚುಚ್ಚುತ್ತಲ್ಲೋ, ನಿನಗ್ಯಾರೂ ಅನ್ನ ಹಾಕಲ್ವಾ?" ಎಂದಳು. ಹಿಂದಿನ ಸೀಟಿನಲ್ಲಿ ಕೂತ ನನಗೆ ನಾಚಿಕೆಯಾಯಿತು. ಇಗರ್ಜಿಯ ತಿರುವು ಹತ್ತಿರವಾದಾಗ ಭಾವ ಕಣ್ಣು ಮುಚ್ಚಿಕೊಂಡರು. ಅವಳಿಗೆ ಹೇಗೆ ತಿಳಿಯಿತೋ.

"ಆ ಹಂದಿ ನಮ್ಮನೇದು," ಎಂದಳು. ಬಸ್ಸಿನಲ್ಲಿ ಹಾಕಿದ್ದ ಹಾಡಿನ ಅಬ್ಬರದಲ್ಲಿ ಕಿವಿಯ ಹತ್ತಿರ ಬಾಯಿಟ್ಟು ಕೂಗಿಯೇ ಹೇಳಬೇಕಾಯಿತು. "ಬೇಲಿ ಕಿತ್ತೋಗಿದೆ, ಕಟ್ಟಿಸಮ್ಮ ಅಂತ ವಾರದಿಂದ ಹೇಳ್ತಿದ್ಲು ಲೆಯಿತು. ನಾಳೆ, ನಾಳೆ ಅಂತಿದ್ದೆ ನಾನು. ಅದನ್ನ ಅಟ್ಟಿಸ್ಕೊಂಡು ಹೋಗೋಕೆ ಅಂತಲೇ ಅವಳು ರಸ್ತೆಗೆ ಬಂದಿದ್ದು. ಇಷ್ಟು ವರ್ಷ ಯಾರ ಹತ್ರ ಹೇಳ್ಲಿ? ಎಲ್ರೂ ಮುಗೀತು ಮುಗೀತು ಅಂತಾರೆ."

ಭಾವ ಕಣ್ಣು ತೆರೆದು ಅವಳ ಕಿವಿಯ ಕಡೆ ಮುಖ ತಿರುಗಿಸಿದರು. ಆಮೇಲೆ, "ಕೊನೇಲಿ ಅವಳು ನಿಮ್ಮನ್ನ ಕರೆದ್ಲು ಅಮ್ಮಾ. ಎರಡು ಸಲ," ಎಂದು ಅವರೂ ದನಿ ಏರಿಸಿಯೇ ಹೇಳಿದರು.

"ಏನಂತ?"

"ಅಮ್ಮಾ ಅಂತ. ಅಷ್ಟೇ."

ಮುದುಕಿ ಅವರ ಹರಿದ ಕಿವಿಯನ್ನು ಬೆರಳಿನಿಂದ ತಡವುತ್ತ ಆಪಿಯಾ ಬರುವವರೆಗೂ ಹಾಗೇ ಕೂತಿದ್ದಳು.

ಆಮೇಲೆ ಅವರಿಬ್ಬರೂ ಎಷ್ಟೋ ಗುರುವಾರ ಹೋಗಿಬಂದರು. ಕಣ್ಣಿನ ಚಿಕಿತ್ಸೆ ಮುಗಿದ ಮೇಲೂ ಅವಳಿಗೆ ಪೇಟೆಯಲ್ಲಿ ಏನಾದರೊಂದು ಕೆಲಸ ಹುಟ್ಟಿಕೊಳ್ಳುತ್ತಿತ್ತು. ಲೆಯಿತು ಚಿಕ್ಕವಳಿದ್ದಾಗ ಪ್ರಾರ್ಥನೆಯ ನಡುವೆ ನಕ್ಕು ಹೊಡೆಸಿಕೊಂಡದ್ದು, ತುವಾಲೆಯನ್ನು ಎರಡು ಸಲ ಬೇಡವೆಂದು ಮೂರನೆಯ ಸಲ ಒಪ್ಪಿದ್ದು, ಕೋಕೋಗೆ ಸಕ್ಕರೆ ಸುರಿದುಕೊಳ್ಳುತ್ತಿದ್ದದ್ದು, ಎಲ್ಲವನ್ನೂ ಭಾವನಿಗೆ ಹೇಳಿದಳು. ಭಾವ ಭಾನುವಾರ ಬಂದು ಅದನ್ನೆಲ್ಲ ನನಗೆ ಹೇಳುತ್ತಿದ್ದರು, ತಮ್ಮ ಸ್ವಂತ ತಂಗಿಯ ವಿಷಯ ಹೇಳುವಂತೆ. ಕೇಳುವುದು ನನಗೆ ಕಷ್ಟವಾಗುತ್ತಿತ್ತು. ಆದರೂ ಮಳೆಯ ಮಾತು ತೆಗೆಯಲಿಲ್ಲ.

ಕಳೆದ ವರ್ಷ ಸಿನಾಪಾಟಿ ತೀರಿಕೊಂಡಳು. ಸಾವಿನ ಮನೆಯಲ್ಲಿ ಭಾವ ಹಿತ್ತಲಲ್ಲಿ ಒಲೆಯ ಕಲ್ಲು ಕಾಯಿಸುವವರ ಜೊತೆ ಬೆವರುತ್ತಿದ್ದರು. ಊರಿಗೆ ಮರಳಿದ್ದ ತುವಾಲೆ ಅವರನ್ನು ಅಲ್ಲಿಂದ ಎಬ್ಬಿಸಿ ಕರೆದು ತಂದು ಶವದ ಕಾಲ ಬಳಿ ಕೂರಿಸಿದ. ಇಬ್ಬರೂ ಅಕ್ಕಪಕ್ಕ ಕೂತರು. 

ಈಗಲೂ ಭಾವ ಗುರುವಾರ ಬಸ್ಸು ಹತ್ತುತ್ತಾರೆ. ಪೇಟೆಯಲ್ಲಿ ಅವರಿಗೆ ಕೆಲಸವೇನಿಲ್ಲ. ಬಂದರಿನ ಕಟ್ಟೆಯ ಮೇಲೆ ಸ್ವಲ್ಪ ಹೊತ್ತು ಕೂತು ಮಧ್ಯಾಹ್ನದ ಬಸ್ಸಿಗೆ ತಿರುಗಿ ಬರುತ್ತಾರೆ. ಮುದುಕಿಯನ್ನು ಮನೆಗೆ ಬಿಡಲು ಇಳಿಯುತ್ತಿದ್ದ ಪಕ್ಕದೂರಿನ ತಿರುವಿನಲ್ಲೇ ಇಳಿದು, ಅಲ್ಲಿಂದ ಗುಡ್ಡದವರೆಗೆ ಒಬ್ಬರೇ ನಡೆದು ಬರುತ್ತಾರೆ.