ಅವ್ವ ಪಾಸಾದ ದಿನ

ಇವತ್ತು ಮಗಳ ವಿಜ್ಞಾನ ಪುಸ್ತಕ ತೆರೆದೆ. ಪ್ರತಿ ಸಾಲಿನ ಕೆಳಗೂ ಗೆರೆ ಎಳೆದಿದ್ದಳು. ನಾನೂ ಹೀಗೆಯೇ ಓದುತ್ತಿದ್ದೆ.

ಕೂಡ್ಲಿಗಿಯಲ್ಲಿ ನಾನು ಎಸ್ಸೆಸ್ಸೆಲ್ಸಿಗೆ ಕೂತ ವರ್ಷವೇ ಅವ್ವನೂ ಅದೇ ಪರೀಕ್ಷೆ ಕಟ್ಟಿದ್ದಳು. ಅಂಗನವಾಡಿ ಸಹಾಯಕಿಯಾಗಿದ್ದ ಅವಳು ಪಾಸಾದರೆ ಕಾರ್ಯಕರ್ತೆಯಾಗಬಹುದಿತ್ತು. ರೊಟ್ಟಿ ಬಡಿಯುತ್ತಾ, ಓದಿದ್ದನ್ನು ಪುಸ್ತಕ ನೋಡದೆ ಹೇಳುತ್ತಿದ್ದಳು. ತಪ್ಪಿದರೆ ಕೈಯ ಹಿಟ್ಟು ಒರೆಸಿಕೊಂಡು ಬಂದು ಮತ್ತೆ ಓದುತ್ತಿದ್ದಳು.

"ನೀನೂ ಪುಸ್ತಕ ಮುಚ್ಚಿ ಹೇಳಿ ನೋಡವಾ," ಎನ್ನುತ್ತಿದ್ದಳು.

"ನಂಗೆಲ್ಲಾ ಬರ್ತೈತಿ ಬಿಡವ್ವ."

ಫಲಿತಾಂಶ ಬಂದಾಗ ಅವ್ವ ಪಾಸಾಗಿದ್ದಳು, ನಾನು ವಿಜ್ಞಾನದಲ್ಲಿ ಫೇಲಾಗಿದ್ದೆ. ಸಂಜೆ ಪಕ್ಕದ ಮನೆಯ ಗೌರಕ್ಕ ಸಕ್ಕರೆ ಹಿಡಿದುಕೊಂಡು ಬಂದಳು. ಒಳಗೆ ಗೋಡೆಗೆ ಮುಖ ಮಾಡಿ ಮಲಗಿದ್ದ ನನಗೆ ಅವ್ವನ ದನಿ ಕೇಳಿಸಿತು.

"ಮೆಲ್ಲಕ ಮಾತಾಡಕ್ಕ, ಹುಡುಗಿ ಮಲಗ್ಯಾಳ. ಸಕ್ಕರಿ ಆಮ್ಯಾಲ ತಿಂದ್ರಾತು."

ಫೇಲಾದದ್ದಕ್ಕಿಂತ, ನನಗಾಗಿ ಅವಳು ತನ್ನ ಸಂತೋಷವನ್ನು ಬಚ್ಚಿಟ್ಟದ್ದಕ್ಕೆ ನನಗೆ ಹೆಚ್ಚು ನಾಚಿಕೆಯಾಯಿತು. ಆದರೂ ಎದ್ದು ಹೊರಗೆ ಹೋಗಲಿಲ್ಲ.

ಮರುದಿನದಿಂದ ಅವಳ ಪಕ್ಕದಲ್ಲಿ ಕೂತು, ಪುಸ್ತಕ ಮುಚ್ಚಿ ಪಾಠ ಒಪ್ಪಿಸತೊಡಗಿದೆ. ಮರುಪರೀಕ್ಷೆಯಲ್ಲಿ ಪಾಸಾದೆ. ಆವತ್ತು ಅವ್ವ ಓಣಿಯ ತುಂಬಾ ಸಕ್ಕರೆ ಹಂಚಿದಳು. "ನನ್ ಮಗಳು ಪಾಸಾದ್ಲು" ಎಂದಳೇ ಹೊರತು ತನ್ನ ಮಾತೆತ್ತಲಿಲ್ಲ.

ಕಾರ್ಯಕರ್ತೆಯಾಗಿ ದುಡಿದ ಅವ್ವ ಈಗ ನಿವೃತ್ತಳಾಗಿದ್ದಾಳೆ. "ಅವ್ವಾ, ನೀ ಪಾಸಾಗಿದ್ದು ನಂಗ ಖುಷಿ ಆತು" ಎಂದು ಇವತ್ತಿನವರೆಗೂ ನಾನು ಅವಳಿಗೆ ಹೇಳಿಲ್ಲ.