ಪೋಲಿ ಸಿನಿಮಾ ಮತ್ತು ಅತ್ತೆಯ ಹಲ್ಲು

ಬೀದಿಯವರೆಲ್ಲ ಅವಳನ್ನು ಹಲ್ಲಕ್ಕ ಎಂದೇ ಕರೆಯುತ್ತಾರೆ. ಡಾಕ್ಟರು ಕಳಿಸುವ ಬಾಯಿಯ ಅಚ್ಚು ನೋಡಿ ಕಟ್ಟು ಹಲ್ಲಿನ ಸೆಟ್ಟು ಮಾಡಿಕೊಡುವುದು ಅವಳ ಕೆಲಸ. ಕಿಟಕಿ ಪಕ್ಕದ ಮೇಜು, ಸಣ್ಣ ದೀಪ, ಮೇಣ, ಪುಟ್ಟ ಚಾಕು. ಇಪ್ಪತ್ತೆರಡು ವರ್ಷದಲ್ಲಿ ಊರಿನ ಅರ್ಧದಷ್ಟು ಮುದುಕರ ನಗು ಆ ಮೇಜಿನ ಮೇಲೇ ತಯಾರಾಗಿದೆ.

ಈ ಕೆಲಸಕ್ಕೆ ಹಚ್ಚಿದ್ದು ಅತ್ತೆ. ಗಂಡ ಕಣ್ಣು ಮುಚ್ಚಿದಾಗ ಮಗಳಿಗೆ ಎಂಟು ತಿಂಗಳು. ಮೂಲೆ ಹಿಡಿದು ಕೂತ ಸೊಸೆಯನ್ನು ಅತ್ತೆ, "ಅತ್ತಿದ್ದು ಸಾಕು, ಹೋಗಿ ಏನಾದ್ರೂ ಕಲಿ. ಮಗೂನ ನಾನು ನೋಡ್ಕೋತೀನಿ," ಎಂದು ಹೊರಗೆ ದಬ್ಬಿದರು. ಮಗ ಹೋದ ದುಃಖ ಅವರಿಗಿರಲಿಲ್ಲವೇ? ಬೆಟ್ಟದಷ್ಟಿತ್ತು. ಆದರೂ ದಬ್ಬಿದರು.

ಅಂಥ ಅತ್ತೆಯ ಹಲ್ಲೆಲ್ಲ ಬಿದ್ದಾಗ ಹಲ್ಲಕ್ಕ ತನ್ನ ವಿದ್ಯೆಯನ್ನೆಲ್ಲ ಧಾರೆಯೆರೆದು ಒಂದು ಸೆಟ್ಟು ಮಾಡಿದಳು. ಅತ್ತೆ ಊಟಕ್ಕೆ ಹಾಕಿಕೊಳ್ಳುವರು, ಆಮೇಲೆ ಡಬ್ಬಿಗೆ. ಯಾರಾದರೂ ಬಂದರೆ ಬಾಯಿಗೆ ಕೈ ಅಡ್ಡ. ನಗುವಂತೂ ನಿಂತೇಹೋಯಿತು. ಕೇಳಿದರೆ, "ಸ್ವಲ್ಪ ಒತ್ತತ್ತೆ ಕಣೇ," ಎಂಬ ಒಂದೇ ರಾಗ. ಮೂರು ಸಲ ಉಜ್ಜಿ ಸರಿಮಾಡಿದಳು. ಊರಿಗೆಲ್ಲ ನಗು ಕೊಟ್ಟವಳಿಗೆ ಮನೆಯ ಹಿರಿಯರನ್ನೇ ನಗಿಸಲಾಗಲಿಲ್ಲವಲ್ಲ ಎಂಬ ಕೊರಗು.

ಒಂದು ಭಾನುವಾರ ಮಧ್ಯಾಹ್ನ ಅತ್ತೆಗೆ ಹಲ್ಲು ಹಾಕಿಸಿ ಸಿನಿಮಾಕ್ಕೆ ಕರೆದುಕೊಂಡು ಹೋದಳು. ನಗುವಾಗ ಸೆಟ್ಟು ಎಲ್ಲಿ ಒತ್ತುತ್ತದೋ ನೋಡಿಯೇಬಿಡೋಣ ಎಂಬ ಹಟ. ಪೋಸ್ಟರಿನಲ್ಲಿ ಮದುವೆ ಗಂಡು, ಮದುವೆ ಹೆಣ್ಣು ಇದ್ದರು. ಮನೆಮಂದಿಯೆಲ್ಲ ನೋಡುವ ನಗೆಚಿತ್ರವೇ ಇರಬೇಕು ಅಂದುಕೊಂಡಳು, ಪಾಪ.

ಮೊದಲು ಟ್ರೇಲರುಗಳು. ಒಂದರಲ್ಲಿ ಕಾರುಗಳು ಹಾರಿದವು, ಇನ್ನೊಂದರಲ್ಲಿ ದೆವ್ವ ಬಾಗಿಲು ತಟ್ಟಿತು. ಮೂರನೆಯದರಲ್ಲಿ ಬಸ್ಸು ಓಡಿಸುವ ನಾಯಕಿ ತಿರುಗಿ ನಕ್ಕಳು. ಮುಂದಿನ ಎರಡು ಹಲ್ಲುಗಳ ನಡುವೆ ಕಡ್ಡಿ ತೂರುವಷ್ಟು ಸಂದು. ಅತ್ತೆ ಮುಂದಕ್ಕೆ ಬಾಗಿ, "ಇದಕ್ಕೂ ಬರೋಣ ಕಣೇ," ಎಂದರು.

ಆಮೇಲೆ ಶುರುವಾಯಿತು ನೋಡಿ, ಅಸಲಿ ಚಿತ್ರ! ಐದೇ ನಿಮಿಷಕ್ಕೆ ನಾಯಕನ ಪ್ಯಾಂಟು ಲಿಫ್ಟಿನ ಬಾಗಿಲಿಗೆ ಸಿಕ್ಕಿಕೊಂಡು, ಅವನು ಭಾವೀ ಮಾವನ ಎದುರು ಚಡ್ಡಿಯಲ್ಲಿ ನಿಂತ. ಹತ್ತು ನಿಮಿಷಕ್ಕೆ ಚಡ್ಡಿಯೂ ಇಲ್ಲ, ಮಾನ ಮುಚ್ಚಲು ಒಂದು ಹೂಕೋಸು. ಹಲ್ಲಕ್ಕನಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಅತ್ತೆ, ಏಳಿ, ಹೋಗೋಣ."

"ಸುಮ್ನೆ ಕೂತ್ಕೊಳ್ಳೇ! ಹೂಕೋಸು ಬೀಳತ್ತೋ ಇಲ್ವೋ ನೋಡ್ಬೇಕು."

ಹೂಕೋಸು ಬಿತ್ತು. ಅತ್ತೆ ಹೊಟ್ಟೆ ಹಿಡಿದು ನಕ್ಕರು, ಕೆಮ್ಮಿದರು, ಕಣ್ಣೊರೆಸಿಕೊಂಡು ಮತ್ತೆ ನಕ್ಕರು. ಹಲ್ಲು ಒಂದಿಷ್ಟೂ ಅಲುಗಲಿಲ್ಲ. ಬಲಗೈ ಮಾತ್ರ ಬಾಯಿಯ ಮೇಲಿಂದ ಇಳಿಯಲಿಲ್ಲ. ಆ ಕತ್ತಲಲ್ಲಿ ನೋಡುವವರಾದರೂ ಯಾರು?

ಹೊರಗೆ ಬಂದು ಹಲ್ಲಕ್ಕ ಕೇಳಿಯೇಬಿಟ್ಟಳು. "ನಿಜ ಹೇಳಿ ಅತ್ತೆ, ಒತ್ತತ್ತಾ?"

ಅತ್ತೆ ತಮ್ಮ ಚಪ್ಪಲಿ ನೋಡಿಕೊಂಡು ನಿಂತರು. "ಒತ್ತಲ್ಲ. ನೀನು ಅಷ್ಟು ಕಷ್ಟಪಟ್ಟು ಮಾಡಿದೀಯ, ಹೇಗೆ ಹೇಳ್ಲಿ? ಒಂದೇ ಸಮ ಇದೆ, ಚೆನ್ನಾಗಿದೆ. ಆದ್ರೆ ಕನ್ನಡೀಲಿ ಯಾರೋ ಬೇರೆಯೋರು ಕಾಣ್ತಾರೆ. ನನಗೂ ಆ ಹುಡುಗಿ ಥರ ಸಂದು ಇತ್ತಲ್ಲ. ನಿನ್ನ ಮಾವನಿಗೆ ಅದರ ಮೇಲೇ ಕಣ್ಣು. ಎಲ್ಲಿ ಸಿಕ್ರೆ ಅಲ್ಲಿ..."

"ಅತ್ತೆ! ರಸ್ತೇಲಿದೀವಿ!"

"ಇರ್ಲಿ ಬಿಡೇ. ನಿನ್ನ ಗಂಡನಿಗೂ ಆ ಸಂದು ನನ್ನಿಂದಾನೇ ಬಂದಿತ್ತು."

ಆ ಸಂದು ಹಲ್ಲಕ್ಕನಿಗೆ ನೆನಪಿತ್ತು. ಸಂದು ಅಂದರೆ ದೋಷ, ಮುಚ್ಚಬೇಕು ಎಂದೇ ಕಲಿತವಳು. ಅತ್ತೆಯ ಸೆಟ್ಟಿನಲ್ಲಿ ಅದನ್ನು ಉಡುಗೊರೆ ಎಂದುಕೊಂಡು ಬೇಕೆಂದೇ ಮುಚ್ಚಿದ್ದಳು.

ಮಾರನೆಯ ದಿನವೇ ಹೊಸ ಸೆಟ್ಟಿಗೆ ಕೂತಳು. ಅಳತೆಗೆ ಗಂಡ ನಗುತ್ತಿದ್ದ ಒಂದು ಹಳೆಯ ಫೋಟೋ ಎದುರಿಗಿಟ್ಟುಕೊಂಡಳು. ಇಪ್ಪತ್ತೆರಡು ವರ್ಷದ ಕಸುಬಿನಲ್ಲಿ ಬೇಕೆಂದೇ ಸಂದು ಬಿಟ್ಟಿದ್ದು ಅದೇ ಮೊದಲು.

ಎರಡು ತಿಂಗಳಿಗೆ ಆ ಬಸ್ಸಿನವಳ ಸಿನಿಮಾ ಬಂತು. ಅದೂ ಪೋಲಿಯೇ! ಅತ್ತೆಯ ಎರಡೂ ಕೈ ಪಾಪ್‌ಕಾರ್ನ್ ಡಬ್ಬಿಯೊಳಗೆ, ಬಾಯಿ ಕಿವಿಯವರೆಗೆ. ಹಲ್ಲಕ್ಕ ಪರದೆಯ ಕಡೆ ತಿರುಗಲೇ ಇಲ್ಲ.

"ಸಿನಿಮಾ ನೋಡೇ. ನನ್ನ ಮುಖದಲ್ಲೇನಿದೆ?"

"ಅವರಿದ್ದಾರೆ ಅತ್ತೆ."

ಅತ್ತೆ ಡಬ್ಬಿಯನ್ನು ಸೊಸೆಯ ತೊಡೆಯ ಮೇಲಿಟ್ಟು, ಅವಳ ಕಡೆ ತಿರುಗಿ, ಇನ್ನೊಂದು ಸಲ ಅಗಲವಾಗಿ ನಕ್ಕು ತೋರಿಸಿದರು.