ಓಬಳಮ್ಮನ ಎಡಗೆನ್ನೆ

ಗುಬ್ಬಿ ಬಸ್ ನಿಲ್ದಾಣದ ಹಿಂದಿನ ಬೀದಿಯಲ್ಲಿ ಪ್ರೇಮಲತಾಳ ಫೋಟೋ ಸ್ಟುಡಿಯೋ ಇದೆ. ದುಬೈಯಲ್ಲಿರುವ ಅಣ್ಣನನ್ನು ತಂಗಿಯ ಮದುವೆ ಫೋಟೋದೊಳಗೆ ತಂದು ನಿಲ್ಲಿಸುತ್ತಾಳೆ. ಎಂದೋ ತೀರಿಹೋದ ತಾತನ ತೊಡೆಯ ಮೇಲೆ ಮೊನ್ನೆ ಹುಟ್ಟಿದ ಕೂಸನ್ನು ಕೂರಿಸುತ್ತಾಳೆ. ನಾನು ಓದಿದ್ದು ಮೂರನೇ ಕ್ಲಾಸು. ಕಂಪ್ಯೂಟರಿನಲ್ಲಿ ಅದು ಹೇಗಾಗುತ್ತದೆ ಎಂದು ನೋಡುವ ಆಸೆಗೇ ನಿಟ್ಟೂರಿನಿಂದ ಬಸ್ಸು ಹತ್ತಿ ಹೋಗಿ ಅವಳ ಪಕ್ಕ ಕೂತುಬಿಡುತ್ತೇನೆ.

ಇಷ್ಟೆಲ್ಲ ಮಾಡುವವಳ ಹತ್ತಿರ ಹೆತ್ತ ತಾಯಿಯದೇ ಒಂದು ಫೋಟೋ ಇರಲಿಲ್ಲ. ಓಬಳಮ್ಮ ತೀರಿಕೊಂಡಾಗ ಮಗುವಿಗೆ ಹತ್ತು ತಿಂಗಳು. ಸಾಕಿದ ಸೋದರಮಾವ ನರಸಯ್ಯನೂ ಈಗಿಲ್ಲ. ಓಬಳಮ್ಮ ನಮ್ಮ ಪಕ್ಕದ ಮನೆಯವಳು, ನಾವಿಬ್ಬರೂ ಒಂದೇ ಬಾವಿಯಲ್ಲಿ ನೀರು ಸೇದಿದವರು. ಆ ಮುಖ ಕಂಡವರಲ್ಲಿ ಉಳಿದಿರುವುದು ನಾನೊಬ್ಬಳೇ.

ಮಹಾಲಯ ಅಮಾವಾಸ್ಯೆಯಲ್ಲಿ ಪ್ರೇಮಲತಾ ಫೋಟೋ ಇಡುವ ಜಾಗದಲ್ಲಿ ಬರೀ ಸೀರೆ ಇಟ್ಟು ಎಡೆ ಹಾಕುತ್ತಿದ್ದಳು. ಹೋದ ವರ್ಷ ಹಬ್ಬಕ್ಕೆ ಹದಿನೈದು ದಿನ ಇರುವಾಗ ಕೇಳಿಯೇ ಬಿಟ್ಟಳು.

“ದೊಡ್ಡಮ್ಮ, ನೀನು ಹೋಗೋದ್ರೊಳಗೆ ಹೇಳ್ಬುಡು. ನಮ್ಮಮ್ಮ ಹೆಂಗಿದ್ಲು?”

ಕಣ್ಣೆದುರಿಗೆ ಇದ್ದಾಳೆ, ಬಾಯಲ್ಲಿ ಹೇಳಲು ಬರಲಿಲ್ಲ. ಮೂಗು ಹೇಗಿತ್ತು ಎಂದರೆ ಮೂಗಿನ ಹಾಗೇ ಇತ್ತು. ಅವಳು ಮಾವನ ಹರೆಯದ ಫೋಟೋ ತೆಗೆದು ಮೀಸೆ ಅಳಿಸಿದಳು. ಅದರ ಮೇಲೆ ತನ್ನ ಫೋಟೋ ಹೊದಿಸಿದಳು. ಮೌಸ್ ಸರಿಸಿದ ಹಾಗೆಲ್ಲ ಮೇಲಿನ ಮುಖ ತೆಳುವಾಗಿ ಅಡಿಯ ಮುಖ ಮೂಡತೊಡಗಿತು. ನಾನು ಸಾಕು ಅಂದಲ್ಲಿ ನಿಲ್ಲಿಸಿದಳು. ಹಣೆ ಮತ್ತು ಕಣ್ಣು ಮಾವನವು, ತುಟಿ ಮತ್ತು ಗದ್ದ ಇವಳವು. ಆಮೇಲೆ ಅಭ್ಯಾಸಬಲದಿಂದ ಎಲ್ಲ ನುಣುಪು ಮಾಡಿ ಬೆಳ್ಳಗೂ ಮಾಡಿದಳು.

“ಯಾರ್ಲೇ ಇವ್ಳು? ಮದ್ವೆ ಹೆಣ್ಣಿದ್ದಂಗವ್ಳೆ,” ಅಂದೆ.

ಅವಳ ಮುಖ ಸಣ್ಣದಾಯಿತು. ಬಣ್ಣ ಕಪ್ಪಾಗಿಸಿದಳು, ತಲೆಗೂದಲು ಕೆದರಿದಳು. ಎರಡು ಸಲ ಕರೆಸಿಕೊಂಡು ತೋರಿಸಿದಳು. ಓಬಳಮ್ಮ ಬರಲಿಲ್ಲ. ಸುಳ್ಳು ಹೇಳಿ ಅವಳನ್ನು ಸಮಾಧಾನ ಮಾಡಬಹುದಿತ್ತು. ಆದರೆ ನಾಳೆ ಅದಕ್ಕೆ ಕೈ ಮುಗಿಯುವವಳು ಅವಳು.

ಹಬ್ಬಕ್ಕೆ ಒಂದು ದಿನ ಉಳಿದಿತ್ತು. ಹೋಗಲಿ, ಸೀರೆಯನ್ನೇ ಇಡುತ್ತೇನೆ ಎಂದು ಕಂಪ್ಯೂಟರ್ ಆರಿಸಿದಳು. ನಾನು ಚೀಲ ಬಿಚ್ಚಿ ಎಲೆಅಡಿಕೆ ಹಾಕಿಕೊಂಡೆ. ಕಪ್ಪಾದ ಪರದೆಯಲ್ಲಿ ನನ್ನದೇ ಮುಖ ಕಂಡಿತು, ಎಡಗೆನ್ನೆ ಉಬ್ಬಿಕೊಂಡು. ಆಗ ಹೊಳೆಯಿತು. ಓಬಳಮ್ಮನ ಎಡಗೆನ್ನೆ ಖಾಲಿ ಇದ್ದದ್ದನ್ನು ನಾನು ಒಂದು ದಿನವೂ ಕಂಡವಳಲ್ಲ. ನಿದ್ದೆಯಲ್ಲೂ ಅಲ್ಲೊಂದು ಉಂಡೆ ಇರುತ್ತಿತ್ತು.

ಹೇಳಿದ್ದೇ ತಡ, ಪ್ರೇಮಲತಾ ನನ್ನನ್ನು ದೀಪದ ಕೆಳಗೆ ಕೂರಿಸಿ, ಉಗಿಯಲೂ ಬಿಡದೆ ಕೆನ್ನೆಯ ಫೋಟೋ ಹೊಡೆದಳು. ಎಪ್ಪತ್ತಾರು ವರ್ಷದ ಕೆನ್ನೆಯ ಸುಕ್ಕನ್ನು ಒಂದೊಂದಾಗಿ ಅಳಿಸಿದಳು. ಕತ್ತರಿಸಿ ತಂದು ಆ ಮುಖಕ್ಕೆ ಕೂರಿಸಿ, ಅಂಚು ಗೊತ್ತಾಗದಂತೆ ಬೆರೆಸಿದಳು. ತುಟಿಯ ಕೊನೆಯನ್ನು ಚೂರು ಎಳೆದಳು. ನನ್ನ ಕೆನ್ನೆ ಇನ್ನೊಬ್ಬಳದಾಗುವುದನ್ನು ನಾನು ಕಣ್ಣು ಮಿಟುಕಿಸದೆ ನೋಡಿದೆ.

“ಇವ್ಳೇನಾ, ದೊಡ್ಡಮ್ಮ?”

ಅಂದಿನ ಹಾಗೇ ಬಾವಿಕಟ್ಟೆಯ ಮೇಲೆ ಕೂತು ನನ್ನನ್ನೇ ನೋಡುತ್ತಿದ್ದಳು ಓಬಳಮ್ಮ.

“ಇವ್ಳೇ ಕಣವ್ವ. ಇನ್ನೊಂದ್ ಗಳಿಗೆಗೆ ಉಗಿಯಕ್ಕೆ ಎದ್ದೋಯ್ತಾಳೆ, ದಾರಿ ಬುಡು.”

ಪ್ರೇಮಲತಾ ನಗಲಿಲ್ಲ. ಕುರ್ಚಿಯನ್ನು ಒಂದಿಷ್ಟು ಪಕ್ಕಕ್ಕೆ ಸರಿಸಿಕೊಂಡಳು.